ಚಮಕ್ ರುದ್ರುವಿನ ಎದೆಯಳತೆ

ಚಮಕ್ ರುದ್ರುವಿನ ಎದೆಯ ಅಳತೆ ನನಗೆ ಗೊತ್ತು. ಮೂವತ್ತಾರು ಇಂಚು. ಉಸಿರು ಎಳೆದು ಹಿಡಿದರೆ ಮೂವತ್ತೊಂಬತ್ತೂವರೆ. ಮೊಬೈಲಿನಲ್ಲಿ ಅವನನ್ನು ನೋಡಿ ಶಿಳ್ಳೆ ಹೊಡೆಯುವ ಯಾರಿಗೂ ಇದು ಗೊತ್ತಿಲ್ಲ. ನನಗೆ ಗೊತ್ತಾದದ್ದು ನಾನು ದರ್ಜಿ ಆಗಿರುವುದರಿಂದ. ಅವನು ಅಳತೆ ಕೊಟ್ಟು ಹೋದ ಮೇಲೆ ಅಂಗಡಿಯ ಬಾಗಿಲು ಅರ್ಧ ಮುಚ್ಚಿ ನನ್ನ ಎದೆಯನ್ನೂ ಅಳೆದುಕೊಂಡೆ. ನನ್ನದೂ ಮೂವತ್ತಾರೇ. ಉಸಿರು ಎಳೆದರೆ ಮೂವತ್ತೇಳೂವರೆ. ಟೇಪು ಹಳೆಯದು, ಜಗ್ಗಿರಬೇಕು ಎಂದು ಹೊಸದು ತಂದು ನೋಡಿದೆ. ಮೂವತ್ತೇಳು ಬಂತು.

ರುದ್ರುವನ್ನು ನೀವೂ ಕಂಡಿರುತ್ತೀರಿ, ತಪ್ಪಿಸಿಕೊಳ್ಳಲು ಆಗುವುದಿಲ್ಲ. ಮುಧೋಳ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಬಂದರೆ ಮೊದಲು ಬರುವುದು ಅವನ ಹಾಡು, ಆಮೇಲೆ ಟ್ರ್ಯಾಕ್ಟರು, ಕಡೆಗೆ ಕಬ್ಬು. ಗಲಗಲಿಯ ಹುಡುಗ. ಕೂದಲು ಅರ್ಧ ಹಳದಿ. ಕರಿ ಗಾಗಲು, ಮನೆಯೊಳಗೂ. ಗುಲಾಬಿ ಕೋಟು, ಅದರ ತುಂಬ ಕನ್ನಡಿ ಚೂರು, ತೋಳಿಗೆ ಇಳಿಬಿದ್ದ ಝಾಲರು. ಅವನು ಸ್ಟೇಜಿಗೆ ಬಂದರೆ ಹಾಡುಗಾರ ಬಂದನೋ ಮದುವೆ ಮಂಟಪ ಎದ್ದು ಬಂತೋ ತಿಳಿಯುವುದಿಲ್ಲ. ನನಗೆ ಝಾಲರು ಹಿಡಿಸುವುದಿಲ್ಲ. ಅಂಗಿ ಎಂದರೆ ಎರಡು ತೋಳು, ಒಂದು ಕಾಲರು, ಒಂದು ಕಿಸೆ, ಮುಗಿಯಿತು. ಹಾಡೂ ಹಾಗೇ ಇರಬೇಕು. ಹಾಡುಗಾರ ಕುಳಿತು ಹಾಡಬೇಕು. ಕುಣಿಯುವವನು ಕುಣಿಯಲಿ, ಯಾರು ಬೇಡ ಎಂದರು?

ನಾನು ಕುಳಿತು ಹಾಡುವವನು. ರಬಕವಿಯ ನಮ್ಮ ಓಣಿಯ ಭಜನಾ ಮೇಳದಲ್ಲಿ ಆರು ವರ್ಷದಿಂದ ಮುಂದಿನ ದನಿ ನನ್ನದು, ನಾನು ಹೇಳಿದ್ದನ್ನು ಉಳಿದವರು ಹಿಡಿಯುತ್ತಾರೆ. ಏಳನೆಯ ತರಗತಿಗೇ ಸಾಲೆ ಬಿಟ್ಟವನಿಗೆ ಊರಿನಲ್ಲಿ ಸಿಕ್ಕಿರುವ ಮರ್ಯಾದೆ ಅದೊಂದೇ. ಮೇಳದ ಹಿರಿಯರು ಗುರುಸಿದ್ದಪ್ಪ ಕಾಕಾ, ಹಾರ್ಮೋನಿಯಂ ನುಡಿಸುತ್ತಾರೆ. ಶ್ರಾವಣದ ಕಡೆಯ ಸೋಮವಾರ ಸಂಜೆ ಮಠದಲ್ಲಿ ಮೇಳ ಕೂಡುತ್ತದೆ. ಕೊನೆಯ ಭಜನೆಯ ಪದವನ್ನು ಮುಂದಿನ ದನಿಯವನು ಒಬ್ಬನೇ ಹಾಡಬೇಕು. ಅದರ ಕಡೆಯ ಸಾಲು ಬಹಳ ಉದ್ದ, ಒಂದೇ ಉಸಿರಿನಲ್ಲಿ ಹೇಳಬೇಕು ಎಂದು ಕಾಕಾ ಅವರ ಹಟ. ಆರು ವರ್ಷವೂ ನಾನು ನಡುವೆ ಉಸಿರು ತೆಗೆದುಕೊಂಡಿದ್ದೇನೆ. ಆ ಜಾಗ ಬಂದಾಗ ತಾಳದವನಿಗೆ ಕಣ್ಣು ಹೊಡೆಯುತ್ತೇನೆ. ಅವನು ಜೋರಾಗಿ ಬಡಿಯುತ್ತಾನೆ. ಆ ಗದ್ದಲದಲ್ಲಿ ನನ್ನ ಉಸಿರು ಪಾರಾಗುತ್ತದೆ.

ನನ್ನ ಹೆಂಡತಿ ಶಾಂತಾ ಅಂಗಡಿಯಲ್ಲೇ ಕುಳಿತು ಕಾಜಾ, ಬಟನ್ ಮಾಡುತ್ತಾಳೆ. ಮಾಡುವಾಗ ಕೇಳುವುದು ರುದ್ರುವಿನ ಹಾಡು.

"ಅದನ್ನ ಬಂದ್ ಮಾಡ. ಅಂವ ಏನ್ ಹಾಡ್ತಾನ? ಮಷಿನ್ ಹಾಡಸ್ತೈತಿ," ಎಂದೆ ಒಮ್ಮೆ.

"ಹಂಗಾರ ನಿಮ್ಮನ್ನೂ ಒಮ್ಮಿ ಆ ಮಷಿನ್ ಮುಂದ ಕುಂಡ್ರಸೂಣೇನ್ರಿ?" ಎಂದಳು, ಸೂಜಿಯಿಂದ ಕಣ್ಣು ಎತ್ತದೆ.

ನಾನು ಹೊಲಿಗೆಯ ಮಷಿನ್ ತುಳಿದೆ. ಆದರೆ ಬಟ್ಟೆಯವನಾಗಿ ಒಂದು ವಿಚಾರ ನನ್ನನ್ನು ಅಂದಿನಿಂದಲೇ ಕಾಡುತ್ತಿತ್ತು. ದೊಡ್ಡ ಸಭೆಗಳಲ್ಲಿ ಹಾಡುವ ದೊಡ್ಡ ಗಾಯಕರೂ ರೇಷ್ಮೆ ಜುಬ್ಬಾ ತೊಡುತ್ತಾರೆ, ಹೆಗಲಿಗೆ ಜರಿಯ ಶಾಲು ಹಾಕುತ್ತಾರೆ, ಬೆರಳಿಗೆ ನಾಲ್ಕು ಉಂಗುರ. ನಮ್ಮ ಕಾಕಾ ಅವರ ತಲೆಯ ಕೆಂಪು ಪಟಕಾ ಬಿಚ್ಚಿದರೆ ಅಂಗಡಿಯ ಬಾಗಿಲಿನಿಂದ ರಸ್ತೆಯ ತನಕ ಹೋಗುತ್ತದೆ. ಅವರನ್ನು ಯಾರೂ ಚಮಕ್ ಎನ್ನುವುದಿಲ್ಲ. ಜರಿ ಹೆಗಲ ಮೇಲಿದ್ದರೆ ವಿದ್ವತ್ತು, ಎದೆಯ ಮೇಲಿದ್ದರೆ ಹುಡುಗಾಟ. ಈ ಕಾನೂನು ಯಾವ ದರ್ಜಿ ಮಾಡಿದನೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದಿದ್ದರೂ ಅದು ನನಗೆ ಅನುಕೂಲ ಇತ್ತು, ಅದಕ್ಕೇ ಸುಮ್ಮನಿದ್ದೆ.

ಶ್ರಾವಣ ಹತ್ತಿರ ಬಂದಾಗ ಕಾಕಾ ಅಂಗಡಿಗೆ ಬಂದರು.

"ಲೇ ಬಸ್ಯಾ, ಈ ಸಲ ಕಡೀ ಪದ ರುದ್ರು ಹಾಡ್ತಾನ."

"ಆ ಗಾಗಲ್ ರುದ್ರು ಏನ್ರಿ?"

"ಗಾಗಲ್ ಹಾಡೂದಿಲ್ಲೋ, ಅಂವ ಹಾಡ್ತಾನ. ಸಣ್ಣಾಂವ ಇದ್ದಾಗ ಗಲಗಲಿ ಮೇಳದಾಗ ಕುಂಡ್ರತಿದ್ದ. ಒಮ್ಮೆ ಕೂಡಿ ಹಾಡ್ತೇನ್ರಿ ಅಂತ ತಾನ ಬಂದ ಕೇಳ್ಯಾನ."

"ಮತ್ತ ನಾ?"

"ನೀ ತಾಳ ಹಿಡಿ. ಎಲ್ಲಿ ಜೋರ್ ಬಡೀಬೇಕು ನಿನಗ ಛಲೋ ಗೊತ್ತೈತಿ."

ಅಂದರೆ ಆರು ವರ್ಷದಿಂದ ಅವರಿಗೆ ಗೊತ್ತಿತ್ತು. ಒಂದು ಪದ ಹೋದರೆ ಏನು ಎಂದು ನೀವು ಕೇಳಬಹುದು. ಅವನು ಮಠದಲ್ಲಿ ಚೆನ್ನಾಗಿ ಹಾಡಿದರೆ ನಾಳೆಯಿಂದ ಓಣಿಯವರು ನನ್ನ ದನಿಯನ್ನು ಅವನ ದನಿಯ ಪಕ್ಕಕ್ಕೆ ಇಟ್ಟು ನೋಡುತ್ತಾರೆ. ಹಾಗೆ ಇಟ್ಟು ನೋಡದಿರುವುದರಿಂದಲೇ ನಾನು ಇಷ್ಟು ದಿನ ಹಾಡುಗಾರ.

ಮರುದಿನ ರುದ್ರುವೇ ಬಂದ. ಮಠದಲ್ಲಿ ಹಾಡಲು ಹೊಸ ಕೋಟು ಬೇಕು, ನನ್ನ ಹತ್ತಿರ ಹೊಲಿಸು ಎಂದು ಕಾಕಾ ಕಳಿಸಿದ್ದರು. ನವಿಲು ಬಣ್ಣದ ಬಟ್ಟೆ, ಕೊರಳ ತನಕ ಬಟನ್, ಬೆನ್ನಿಗೂ ಕನ್ನಡಿ.

"ಮಠಕ್ಕ ಕನ್ನಡಿ ಯಾಕಪಾ? ಒಂದ ಬಿಳಿ ಜುಬ್ಬಾ ಹಾಕ್ಕೊಂಡ ಬಾ," ಎಂದೆ.

"ದೇವ್ರ ಮುಂದ ಹೋಗುವಾಗ ಇದ್ದದ್ರಾಗ ಛಲೋ ಅರಿವಿ ಹಾಕ್ಕೊ ಅಂತಾಳ್ರಿ ಅಣ್ಣಾ ನಮ್ಮವ್ವ. ನನ್ನ ಕಡೆ ಇದ್ದದ್ದ ಇಂಥಾವು," ಎಂದ. ನಗಲಿಲ್ಲ. ಟೇಪು ಸುತ್ತಿದಾಗ ಹೇಳಿದ: "ಎದಿದು ಎರಡ ಅಳತಿ ತಗೋರಿ. ಉಸರ ಬಿಟ್ಟಿದ್ದೊಂದು, ಹಿಡದಿದ್ದೊಂದು. ಅಲ್ಲಿ ಬಿಗಿ ಆದ್ರ ನಾ ಸತ್ತಂಗ."

ಇಪ್ಪತ್ತು ಪೈಲ್ವಾನರ ಎದೆ ಅಳೆದಿದ್ದೇನೆ, ಯಾರೂ ಹೀಗೆ ಕೇಳಿಲ್ಲ. ಅವನು ಉಸಿರು ಎಳೆದ. ಟೇಪು ನನ್ನ ಬೆರಳಿನಿಂದ ಜಾರಿ ಜಾರಿ ಹೋಯಿತು.

"ದಿನಾ ಹಾಡ್ತಿ ಏನು?"

"ಮುಂಜಾನಿ ಎರಡ ತಾಸ್ರಿ. ಅದನ್ಯಾರೂ ನೋಡೂದಿಲ್ಲ. ಅದರಾಗ ಕುಣಿತ ಇಲ್ಲಲ್ರಿ."

ಕೋಟಿನ ಎದೆಗೆ ನಾವು ನಾಲ್ಕು ಇಂಚು ಸಡಿಲ ಬಿಡುತ್ತೇವೆ. ನಾನು ಒಂದೇ ಇಂಚು ಬಿಟ್ಟೆ. ಕೈ ತಪ್ಪಿತು ಎಂದು ಬರೆಯಬಹುದಿತ್ತು. ತಪ್ಪಲಿಲ್ಲ. ಕತ್ತರಿ ಹಿಡಿದಾಗ ನನ್ನ ತಲೆ ಬಹಳ ನೆಟ್ಟಗೆ ಕೆಲಸ ಮಾಡುತ್ತಿತ್ತು. ಟ್ರಾಯಲ್ ನೋಡಲು ಬಾ ಎಂದೂ ಹೇಳಲಿಲ್ಲ. ಸೋಮವಾರ ಸಂಜೆ ಅವನು ಗಡಿಬಿಡಿಯಲ್ಲಿ ಅಂಗಡಿಯಿಂದ ಕೋಟು ಒಯ್ದು, ಕಾರಿನಲ್ಲೇ ತೊಟ್ಟುಕೊಂಡು ಮಠಕ್ಕೆ ಬಂದ. ಒಳಗೆ ಬನಿಯನ್ ಬಿಟ್ಟರೆ ಏನೂ ಇಲ್ಲ, ಬಟನ್ ಬಿಚ್ಚುವ ಹಾಗೂ ಇಲ್ಲ. ಕುಳಿತಾಗ ಒಮ್ಮೆ ಎದೆ ಮುಟ್ಟಿ ನೋಡಿಕೊಂಡ. ನನ್ನ ಕಡೆ ನೋಡಿದ. ಗಾಗಲಿನ ಒಳಗೆ ಕಣ್ಣು ಏನು ಹೇಳಿತೋ ಕಾಣಲಿಲ್ಲ.

ಕೊನೆಯ ಪದ ಶುರು ಮಾಡಿದ. ದನಿ ಚೆನ್ನಾಗಿತ್ತು, ಅದನ್ನು ಉದ್ದ ಹೇಳುವುದಿಲ್ಲ. ನಾನು ಕೇಳಲು ಕುಳಿತಿರಲಿಲ್ಲ, ಕಾಯಲು ಕುಳಿತಿದ್ದೆ. ಕಡೆಯ ಸಾಲು ಬಂತು. ತಾಳ ನನ್ನ ಕೈಯಲ್ಲಿ, ಕಣ್ಣು ಅವನ ಬಗಲಿನ ಹೊಲಿಗೆಯ ಮೇಲೆ. ಉಸಿರು ಎಳೆದರೆ ಆ ಹೊಲಿಗೆ ಜಗ್ಗುತ್ತದೆ, ದಾರ ಕಾಣುತ್ತದೆ. ಅರ್ಧ ಸಾಲಿಗೆ ಅವನ ದಮ್ಮು ಮುಗಿಯಲೇಬೇಕಿತ್ತು. ಆಗ ನಾನು ತಾಳ ಬಡಿಯದೆ ಸುಮ್ಮನಿರುವುದು, ಅವನ ಉಸಿರು ಇಡೀ ಮಠಕ್ಕೆ ಕೇಳುವುದು. ಇದು ನನ್ನ ಯೋಜನೆ.

ಏನೂ ಕೇಳಲಿಲ್ಲ. ದಾರ ಮಾತ್ರ ಕಂಡಿತು. ಒಮ್ಮೆ, ಎರಡು ಸಲ, ನಾಲ್ಕು ಸಲ. ಗುಬ್ಬಿ ನೀರು ಕುಡಿದಷ್ಟು ಸಣ್ಣ ಉಸಿರು. ಅದೂ ಎಲ್ಲಿ? ಪದದಲ್ಲಿ ಭಕ್ತ ದೇವರನ್ನು ಒಂದೊಂದು ಮಾತು ಕೇಳಿ, ಉತ್ತರಕ್ಕೆ ಕಾಯುವ ಜಾಗದಲ್ಲಿ. ಆ ಸಾಲಿನಲ್ಲಿ ಒಬ್ಬ ಮನುಷ್ಯ ಕಾಯುತ್ತಿದ್ದಾನೆ ಎಂಬುದೇ ನನಗೆ ಆರು ವರ್ಷ ತಿಳಿದಿರಲಿಲ್ಲ. ನಾನು ಅದನ್ನು ಉದ್ದ ಎಂದಷ್ಟೇ ಅಳೆದಿದ್ದೆ.

ಮುಗಿದ ಮೇಲೆ ಕಾಕಾ ನನ್ನ ಕಡೆ ಹೊರಳಿ, "ಕೇಳಿದೇನಲೇ ಬಸ್ಯಾ? ಒಂದ ಉಸರಿನ್ಯಾಗ ಹಾಡಿದ," ಎಂದರು.

ಅದು ಸುಳ್ಳು. ನಾಲ್ಕು ಉಸಿರು. ಆದರೆ ಹಾಗೆಂದರೆ ಅದು ದೂರು ಆಗುವುದಿಲ್ಲ, ಒಂದು ಉಸಿರಿಗಿಂತ ದೊಡ್ಡ ಹೊಗಳಿಕೆ ಆಗುತ್ತದೆ. ಅದರ ಮೇಲೆ, ನಿನಗೆ ಹೇಗೆ ಗೊತ್ತು ಎಂದು ಕೇಳಿದರೆ ಬಿಗಿ ಹೊಲಿಗೆಯ ಮಾತು ಹೊರಬರುತ್ತದೆ. "ಹೂನ್ರಿ," ಎಂದೆ.

ಮರುದಿನ ರುದ್ರು ಕೋಟು ತಂದ. "ಎದಿ ಒಂದೀಟ ಬಿಚ್ಚಬೇಕ್ರಿ ಅಣ್ಣಾ."

"ನಾ ಬೇಕಂತನ ಬಿಗಿ ಮಾಡಿದ್ನಿ," ಎಂದೆ. ಸುತ್ತಿ ಹೇಳಲು ನನಗೆ ಬರುವುದಿಲ್ಲ. ಶಾಂತಾಳ ಸೂಜಿ ನಿಂತಿತು.

ಅವನು ಗಾಗಲು ತೆಗೆದ. "ಹಾಕ್ಕೊಂಡ ಕೂಡ್ಲೆ ಗೊತ್ತಾತ್ರಿ. ಹೊಲಿಗಿ ಬಿಚ್ಚತೈತಿ, ಆರಾಮ ಹಾಡೂಣ ಅಂದ್ಕೊಂಡಿದ್ನಿ. ಬಿಚ್ಚಲೇ ಇಲ್ಲ. ನಿಮ್ಮ ಹೊಲಿಗಿ ಭಾಳ ಗಟ್ಟಿ ಐತಿ ಬಿಡ್ರಿ."

ಬೈದಿದ್ದರೆ ನನಗೆ ಹಗುರ ಆಗುತ್ತಿತ್ತು. ಹೊಲಿಗೆಯ ಒಳಗೆ ಮಡಚಿಟ್ಟಿದ್ದ ಮೂರು ಇಂಚು ಬಿಟ್ಟುಕೊಟ್ಟೆ.

ಅವನು ಊರೂರು ತಿರುಗಿ ಹಾಡಲು ಹೋದ, ಮುಂದಿನ ದನಿಯ ಜಾಗ ಮತ್ತೆ ನನಗೇ ಬಂತು. ಹೊಟ್ಟೆಕಿಚ್ಚು ಹೋಗಿದೆ ಎಂದುಕೊಳ್ಳಬೇಡಿ, ಹೆಚ್ಚಾಗಿದೆ. ಮೊದಲು ಅವನ ಕಾರು, ಕೋಟು, ಜನ ನೋಡಿ ಉರಿಯುತ್ತಿದ್ದೆ. ಆ ಉರಿ ಸುಖದ್ದು, ಕುಳಿತಲ್ಲೇ ಆಗುತ್ತದೆ. ಈಗ ಆ ನಾಲ್ಕು ಉಸಿರು ನೋಡಿ ಉರಿಯುತ್ತೇನೆ. ಇದಕ್ಕೆ ಮುಂಜಾನೆ ಐದಕ್ಕೆ ಎದ್ದು ಹಾಡಬೇಕಾಗುತ್ತದೆ.

ಮೊನ್ನೆ ಪ್ಯಾಂಟು ಹೊಲಿಸಲು ಬಂದವರೊಬ್ಬರು ಕುಳಿತುಕೊಂಡು, "ಆ ರುದ್ರುನೂ ಒಬ್ಬ ಹಾಡುಗಾರ ಏನೋ ಬಸ್ಯಾ? ಬರೇ ಚಮಕ್," ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವನ ಮೇಲಿನ ಪ್ರೀತಿಗಲ್ಲ. ಅವನನ್ನು ಬೈಯುವ ಸಾಲಿನಲ್ಲಿ ಮೊದಲು ನಿಂತವನು ನಾನು, ಮುಂಜಾನೆ ಐದರಿಂದ ನಿಂತಿದ್ದೇನೆ, ನನಗೇ ಇನ್ನೂ ಪಾಳಿ ಬಂದಿಲ್ಲ. ಇವರು ಆರಾಮಾಗಿ ಎಂಟಕ್ಕೆ ಎದ್ದು, ಚಹಾ ಕುಡಿದು, ನಡುವೆ ನುಗ್ಗಿದರೆ ಹೇಗೆ?