ಹೋಗಲ್ಲ, ಹೋಗಲಾ

ಮೊನ್ನೆ ಹೊಸ ತಂಡವೊಂದಕ್ಕಾಗಿ ನನ್ನ ಹಳೆಯ ನಾಟಕದ ಪ್ರತಿಗಳನ್ನು ಜಯನಗರದ ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಿದೆ. ಆಗಷ್ಟೇ ಹೊರಬಂದ ಬಿಸಿ ಕಾಗದದ ವಾಸನೆ ಮೂಗಿಗೆ ಬಡಿದದ್ದೇ ತಡ, ಟೈಪಿಂಗ್ ಆಂಟಿ ನೆನಪಾದರು...

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಜೆ.ಪಿ. ನಗರದ ಒಂದು ಹಾಲ್‌ನಲ್ಲಿ ನಾಟಕ ಬರೆಯುವ ಶಿಬಿರ. ಸಂಜೆ ಸೇರಿ ರಾತ್ರಿಯಿಡೀ ಬರೆಯಬೇಕು, ಬೆಳಿಗ್ಗೆ ಎಂಟಕ್ಕೆ ನಟರು ಓದುತ್ತಾರೆ. ಬರೆಯುವವರು ಆರು ಜನ, ರಂಗಕ್ಕೆ ಹೋಗುವುದು ಒಂದೇ ನಾಟಕ. ಅದು ನನ್ನದೇ ಆಗಬೇಕೆಂಬ ಹಟ ನನಗೆ. ಅದಕ್ಕೆ ಮೊದಲು ಬರೆದ ಎರಡು ನಾಟಕಗಳನ್ನು ನಮ್ಮ ಮನೆಯವರೂ ಪೂರ್ತಿ ಓದಿರಲಿಲ್ಲ.

ಬನಶಂಕರಿಯಲ್ಲಿ ಪುಟ್ಟ ಡಿಟಿಪಿ ಅಂಗಡಿ ಇಟ್ಟಿದ್ದ ಆಂಟಿ ಲ್ಯಾಪ್‌ಟಾಪು, ಪ್ರಿಂಟರು ಸಮೇತ ಬಂದು ಮೂಲೆಯಲ್ಲಿ ಕೂತಿದ್ದರು. ನಾವು ಗೀಚಿ ಕೊಟ್ಟದ್ದನ್ನು ಟೈಪ್ ಮಾಡುವುದು ಅವರ ಕೆಲಸ. ಪ್ರತಿ ಸಾಲನ್ನೂ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದರು. ನಾಲಿಗೆಗೆ ತೊಡಕಾದರೆ, "ಸಾರ್, ಹಿಂಗೆ ಯಾರ್ ಮಾತಾಡ್ತಾರೆ?" ಎಂದು ಕೇಳುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ನನ್ನ ನಾಟಕ, ಒಂದೇ ಮನೆಯಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದ ಹೆಂಗಸಿನ ಕಥೆ. ಮನೆಯವರಿಗೆ ಈಗ ಅವಳು ಬೇಡ. ಕೊನೆಯಲ್ಲಿ ಅವಳು ಸೌಟು ಕುಕ್ಕಿ "ನಾನು ಹೋಗಲ್ಲ" ಅನ್ನುತ್ತಾಳೆ. ಚಪ್ಪಾಳೆ ಬೀಳುವುದು ಅಲ್ಲೇ ಎಂದು ಲೆಕ್ಕ ಹಾಕಿದ್ದೆ.

ಬೆಳಿಗ್ಗೆ ಓದಿದ ನಟಿ ಕೊನೆಯ ಸಾಲಿಗೆ ದನಿ ತಗ್ಗಿಸಿ, "ನಾನು ಹೋಗಲಾ?" ಎಂದಳು. ನನ್ನ ಕೈಲಿದ್ದ ಪ್ರತಿಯನ್ನು ನೋಡಿದೆ. ಟೈಪಿಂಗ್‌ನಲ್ಲಿ ಒಂದು ಒತ್ತಕ್ಷರ ಹೋಗಿ ದೀರ್ಘ ಬಂದು ಕೂತಿತ್ತು. ಆಮೇಲೆ ನಿರ್ದೇಶಕರು ಬೆನ್ನು ತಟ್ಟಿ, "ಆ ಕೊನೇ ಲೈನ್ ಸಖತ್ ಗುರು, ಇದನ್ನೇ ಮಾಡೋಣ" ಎಂದರು. ನಾನು ನಾಚಿಕೊಂಡವನಂತೆ ನಕ್ಕೆ.

ಆಂಟಿಯ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ. "ನಿಮ್ಮ ಅಕ್ಷರ ಹಂಗೇ ಕಾಣ್ತು ಸಾರ್. ಮೂವತ್ತು ವರ್ಷ ಹೇಳಿದ್ ಕೇಳ್ಕೊಂಡ್ ಇದ್ದೋಳು ಹಂಗೇ ತಾನೇ ಕೇಳೋದು? ತಪ್ಪಾಗಿದ್ರೆ ತಿದ್ಕೊಡ್ತೀನಿ."

"ಬೇಡ, ಇರ್ಲಿ ಬಿಡಿ" ಎಂದೆ.

ಅವರು ಪ್ರಿಂಟರನ್ನು ಆಟೋಗೆ ಹಾಕಿಸಿ, ಬ್ಯಾಗು ಹೆಗಲಿಗೇರಿಸಿ, ಬಾಗಿಲ ಬಳಿ ನಿಂತು ಕೇಳಿದರು: "ಸಾರ್, ನಾನು ಹೋಗಲಾ?" ನನ್ನ ಸುತ್ತ ಕೈ ಕುಲುಕುವವರಿದ್ದರು. ಕೇಳಿಸಿತು, ತಿರುಗಿ ನೋಡಲಿಲ್ಲ.

ಆ ಸಾಲು ನನಗೆ ಹೆಸರು ತಂದಿತು. ಅದು ಆಂಟಿಯದೆಂದು ಯಾರಿಗೂ ಹೇಳಲಿಲ್ಲ. ಹೇಳಬಹುದಿತ್ತು... ಹೋದ ವರ್ಷ ಬನಶಂಕರಿಗೆ ಹೋದರೆ ಅವರ ಅಂಗಡಿಯಲ್ಲಿ ಮೊಬೈಲ್ ರಿಪೇರಿಯವನಿದ್ದ. ಆಂಟಿ ತೀರಿಕೊಂಡು ಎರಡು ವರ್ಷವಾಯಿತು ಎಂದ. ದುಃಖಕ್ಕಿಂತ ಮೊದಲು ನನಗೆ ನಾಚಿಕೆಯಾಯಿತು.

ನಿನ್ನೆ ಹೊಸ ತಂಡದ ತಾಲೀಮು. ಅಡುಗೆಯವಳ ಪಾತ್ರದ ಹುಡುಗಿ ಕೊನೆಯ ಸಾಲನ್ನು ಹೇಗೆ ಹೇಳಬೇಕೆಂದು ಕೇಳಿದಳು.

"ಹೆಗಲಲ್ಲಿ ಬ್ಯಾಗ್ ಇರ್ಲಿ. ಬಾಗಿಲ ಹತ್ರ ನಿಂತ್ಕೊ. ದೊಡ್ಡ ವಿಷಯ ಏನಲ್ಲ ಅನ್ನೋ ಥರ ಕೇಳು. ಕೇಳ್ಬಿಟ್ಟು ಸ್ವಲ್ಪ ಹೊತ್ತು ಕಾಯಿ."

"ಯಾರಾದ್ರೂ ಉತ್ತರ ಕೊಡ್ತಾರಾ ಸಾರ್?"

"ಇಲ್ಲ" ಎಂದೆ.