ಮಜಾಪಹಿತ್ ಕತೆಯನ್ನು ನಾನು ನಿಲ್ಲಿಸಿದ್ದು

ನನ್ನ ಎಂಟು ವರ್ಷದ ಮಗಳು ನಾಲ್ಕು ದಿನ ಖಾರ ಮುಟ್ಟಲಿಲ್ಲ. ಹುಳಿಖಾರದ ಪುಳಿಮುಂಚಿ ಎಂದರೆ ಪ್ರಾಣ ಬಿಡುವ ಹುಡುಗಿ ಬೂತಾಯಿ ಮೀನಿನ ಬಟ್ಟಲನ್ನು ಒಂದೇ ಬೆರಳಲ್ಲಿ ಆಚೆ ತಳ್ಳಿ, ಮೊಸರನ್ನ ತಿಂದು ಎದ್ದು ಹೋದಳು. ಮೊದಲ ದಿನ ಹೊಟ್ಟೆ ಕೆಟ್ಟಿರಬೇಕು ಎಂದುಕೊಂಡೆ. ಮೂರನೆಯ ದಿನ ಕುವೈತ್ ಸಿಟಿಯ ಆಫೀಸಿನಲ್ಲಿ ಕೂತರೆ ಕೆಲಸವೇ ಸಾಗದು. ಮರಳುವಾಗ ಬಸ್ಸಿನಿಂದ ಎರಡು ಸಲ ಗಂಡನಿಗೆ ಫೋನ್ ಮಾಡಿ, ಏನು ಕೇಳಬೇಕೆಂದು ತಿಳಿಯದೆ ಎರಡು ಸಲವೂ ಇಟ್ಟುಬಿಟ್ಟೆ. ಸಂಜೆ ಕ್ಲಿನಿಕ್ಕಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ ಏನೂ ಇಲ್ಲ ಎಂದರು. ಏನೂ ಇಲ್ಲದಿದ್ದರೆ ಮತ್ತೆ ಇದೇನು ಎಂದು ಅವರ ಮೇಲೂ ಸಿಟ್ಟು ಬಂತು. ನನಗೆ ಸಿಟ್ಟು ಬೇಗ.

ಕಾರಣದ ಗುಮಾನಿ ನನಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಿಂದಿನ ವಾರ ನಾನೊಂದು ಮಾತು ಆಡಿ ಬಂದಿದ್ದೆ.

ಶಾಲೆ ಬಿಟ್ಟ ಮೇಲೆ ನಾನು ಬರುವ ತನಕ ಮಗಳು ಕೆಳಗಿನ ಮಹಡಿಯ ದೀದಿಯ ಹತ್ತಿರ ಇರುತ್ತಾಳೆ. ದೀದಿ ಇಂಡೋನೇಷ್ಯಾದ ಜಾವಾದವರು, ನನಗಿಂತ ಹತ್ತು ವರ್ಷ ದೊಡ್ಡವರು. ಅವರ ಗಂಡ ಅಹ್ಮದಿ ಪಟ್ಟಣದಲ್ಲಿ ಡ್ರೈವರ್. ಎರಡು ವರ್ಷದಿಂದ ಅವರು ಮಗಳಿಗೆ ತಮ್ಮ ಊರಿನ ರಾಜರ ಕತೆ ಹೇಳುತ್ತಿದ್ದರು. ಮಾವನನ್ನು ಕೊಂದ ಶತ್ರುವಿಗೆ ಶರಣಾದಂತೆ ನಟಿಸಿ, ಅವನಿಂದಲೇ ಒಂದು ಕಾಡು ಪಡೆದ ರಾಜಕುಮಾರನ ಕತೆ. ಕಾಡು ಕಡಿಯುತ್ತಿದ್ದವರು ಹಸಿದು ತಿಂದ ಬಿಲ್ವದ ಕಾಯಿ ಕಹಿಯಾಗಿತ್ತಂತೆ, ಅದರಿಂದಲೇ ಆ ಊರಿಗೆ ಮಜಾಪಹಿತ್, ಅಂದರೆ ಕಹಿ ಬಿಲ್ವ, ಎಂಬ ಹೆಸರಂತೆ. ಸಮುದ್ರ ದಾಟಿ ಬಂದ ಮಂಗೋಲರ ದಂಡನ್ನು ಅವನು ಶತ್ರುವಿನ ಮೇಲೆ ಬಿಟ್ಟು, ಗೆದ್ದ ಮೇಲೆ ಆ ದಂಡನ್ನೇ ಹೊಡೆದೋಡಿಸಿ ಸಿಂಹಾಸನ ಏರಿದನಂತೆ. ಊಟದ ಹೊತ್ತಿಗೆ ಮಗಳು ಇದನ್ನೆಲ್ಲ ಇಂಗ್ಲಿಷಿನಲ್ಲಿ ಒಪ್ಪಿಸುತ್ತಿದ್ದಳು. ನಾನು ಫೋನ್ ನೋಡುತ್ತಾ ಹೂಂ ಎನ್ನುತ್ತಿದ್ದೆ.

ಆಗ ನಮ್ಮ ಕನ್ನಡ ಕೂಟದಲ್ಲಿ ಮಕ್ಕಳಿಗೆ ‘ನಮ್ಮ ಅರಸರು’ ಎಂಬ ವೇಷದ ಸ್ಪರ್ಧೆ ಬಂತು. ಬಾದಾಮಿಯ ಚಾಲುಕ್ಯರ ಬಗ್ಗೆ ಎರಡು ನಿಮಿಷದ ಮಾತು ಬರೆದುಕೊಟ್ಟೆ. ಮಗಳಿಗೆ ಬೇಡ. ಮಜಾಪಹಿತನ್ನು ಒಬ್ಬ ರಾಣಿ ಆಳಿದ್ದಳಂತೆ, ತಾನು ಅವಳೇ ಆಗಬೇಕಂತೆ.

“ಅದು ನಮ್ಮ ರಾಣಿಯಾ ಮಗಾ?”

“ದೀದೀಸ್ ಕ್ವೀನ್. ಸೋ ಮೈನ್ ಆಲ್ಸೋ.”

ಹೊಟ್ಟೆಕಿಚ್ಚು ಅದು, ಬೇರೆ ಹೆಸರು ಬೇಡ. ಚಪ್ಪಲಿ ಮೆಟ್ಟಿ ಕೆಳಗಿಳಿದೆ. ದೀದಿಯ ಬಾಗಿಲಲ್ಲೇ ನಿಂತು, ನಾವಿಬ್ಬರೂ ಆಡುವ ಹಿಂದಿ, ಅರಬ್ಬಿ, ಇಂಗ್ಲಿಷಿನ ಕಲಸುಮೇಲೋಗರದಲ್ಲಿ, ಹೋಂವರ್ಕ್ ಮಾಡಿಸಿದರೆ ಸಾಕು, ರಾಜರ ಕತೆ ಖಲಾಸ್ ಎಂದೆ. ಅವರು ಆಯಿತೆಂದು ತಲೆಯಾಡಿಸಿದರು.

ನಾಲ್ಕನೆಯ ಸಂಜೆ ನನ್ನ ಗಂಡ ಹೇಳಿದರು, “ಬೈಬೇಡ ಮಾರಾಯ್ತಿ, ಒಮ್ಮೆ ಸಮಾಧಾನದಲ್ಲಿ ಕೇಳಿ ನೋಡು.”

ಮಗಳನ್ನು ಕೇಳಿದೆ. ಆ ರಾಣಿಯ ಆಸ್ಥಾನದಲ್ಲಿ ಒಬ್ಬ ಮಂತ್ರಿ ಇದ್ದನಂತೆ. ದ್ವೀಪಗಳೆಲ್ಲ ಒಂದೇ ರಾಜ್ಯವಾಗುವ ತನಕ ಮಸಾಲೆಯ ರುಚಿ ನೋಡುವುದಿಲ್ಲ ಎಂದು ತುಂಬಿದ ಸಭೆಯಲ್ಲಿ ಶಪಥ ಮಾಡಿದನಂತೆ. ಎಲ್ಲರೂ ನಕ್ಕರಂತೆ. ನನ್ನ ಮಾತಿಗೆ ದೀದಿ ಅಲ್ಲಿಗೇ ನಿಲ್ಲಿಸಿದ್ದರು.

“ನೀನು ದೀದಿಗೆ ಸಾರಿ ಹೇಳುವ ವರೆಗೆ ನಂಗೆ ಖಾರ ಬೇಡ,” ಎಂದಳು. ಸಿಟ್ಟು ಬಂದಾಗ ಮಾತ್ರ ಅವಳಿಗೆ ಕನ್ನಡ ಬರುತ್ತದೆ. ಈ ಹಟ ಯಾರದೆಂದು ಗಂಡ ನನ್ನ ಮುಖವನ್ನೇ ನೋಡಿದರು.

ಕೆಳಗೆ ಹೋದೆ. ದೀದಿ ಇಸ್ತ್ರಿ ಹಾಕುತ್ತಿದ್ದರು. ನನ್ನ ಕ್ಷಮೆ ಅರ್ಧದಲ್ಲಿರುವಾಗಲೇ ಕುರ್ಚಿ ಎಳೆದುಕೊಟ್ಟರು. ಕೂತ ಮೇಲೆ, ಇಷ್ಟೊಂದು ಕತೆ ಎಲ್ಲಿ ಓದಿದಿರಿ ಎಂದು ಕೇಳಿದೆ. ಎರಡು ವರ್ಷದಲ್ಲಿ ಅವರ ಬಗ್ಗೆ ನಾನು ಕೇಳಿದ ಮೊದಲ ಪ್ರಶ್ನೆ ಅದು.

“ಓದಿಲ್ಲ,” ಎಂದರು. ಅವರ ಮನೆ ಆ ಹಳೆಯ ರಾಜಧಾನಿ ಇದ್ದಲ್ಲೇ ಅಂತೆ. ಎಲ್ಲಿ ಅಗೆದರೂ ಕೆಂಪು ಇಟ್ಟಿಗೆ. ಅಪ್ಪ ಅಗೆದು ತೆಗೆಯುತ್ತಿದ್ದರು, ಅಜ್ಜಿ ಮತ್ತು ಇವರು ಕುಟ್ಟಿ ಪುಡಿ ಮಾಡುತ್ತಿದ್ದರು. ಗಾರೆಗೆ ಬೆರೆಸಲು ಜನ ಆ ಪುಡಿಯನ್ನು ಕೊಳ್ಳುತ್ತಿದ್ದರು.

“ಅರಮನೆಯ ಗೋಡೆಯೋ, ಗುಡಿಯ ಗೋಡೆಯೋ, ಯಾರು ನೋಡಿದರು. ಹೊಟ್ಟೆಗೆ ಬೇಕಿತ್ತು. ಕುಟ್ಟುವಾಗ ಬೇಸರ ಬರಬಾರದೆಂದು ಅಜ್ಜಿ ಈ ಕತೆ ಹೇಳುತ್ತಿದ್ದರು. ಒಂದಿಡೀ ಗೋಡೆಯನ್ನು ನಾನೇ ಪುಡಿ ಮಾಡಿರಬಹುದು.” ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದರು. “ನನಗೆ ಮಕ್ಕಳಿಲ್ಲ. ಕತೆಯಾದರೂ ಯಾರ ಹತ್ತಿರವಾದರೂ ಉಳಿಯಲಿ ಅಂತ ಹೇಳುತ್ತಿದ್ದೆ.”

ನನಗೆ ಕೂರಲೂ ಆಗಲಿಲ್ಲ, ಏಳಲೂ ಆಗಲಿಲ್ಲ. ನಾಳೆಯಿಂದಲೇ ಹೇಳಿ ದೀದಿ, ಎಂದೆ.

“ಹೇಳುತ್ತೇನೆ. ಆ ಮಂತ್ರಿ ಗೆದ್ದ ಮೇಲೆ ಉಳಿಯುವುದು ರಾಜ್ಯ ಬಿದ್ದ ಕತೆ,” ಎಂದರು ದೀದಿ. “ಮಗು ಅತ್ತರೆ ನಿಲ್ಲಿಸಲು ಹೇಳಬೇಡಿ.”