ರೊಟ್ಟಿ ಬಡಿಯುವಷ್ಟು ಮನೆ

ಶಹಾಬಾದಿನ ಫರ್ಸಿ ಕಲ್ಲು ಹಾಸಿದ ನೆಲದ ಮೇಲೆ ಹೊರಳಾಡಿ ಬೆಳೆದ ನಾವು, ಹೊಲದಲ್ಲಿ ಇಡಲು ತಗಡಿನ ರೆಡಿಮೇಡ್ ಮನೆ ನೋಡಲು ಪಕ್ಕದ ವಾಡಿ ಊರಿಗೆ ಹೋದೆವು. ಚಿಕ್ಕದು, ದೊಡ್ಡದು, ಎರಡೇ ಅಳತೆ. ನಮ್ಮ ಯಜಮಾನರು ಚಿಕ್ಕದರೊಳಗೆ ಅಂಗಾತ ಮಲಗಿ, ಕಾಲು ಚಾಚಿ, “ಇದs ಭಾಳ ಆತು” ಎಂದು ತೀರ್ಪು ಕೊಟ್ಟರು. ಮನೆ ಇರುವುದು ಮಲಗುವುದಕ್ಕೆ ತಾನೇ!

ನಾನು ಅಡುಗೆಯ ಮೂಲೆಯಲ್ಲಿ ಕುಳಿತು ಬರಿಗೈಯಲ್ಲೇ ರೊಟ್ಟಿ ಬಡಿದು ನೋಡಿದೆ. ಮೊಣಕೈ ತಗಡಿಗೆ ತಾಗಿ ಢಣ್ ಎಂದಿತು.

“ನಿಂತು ಬಡೀರಿ ಅಕ್ಕೋರೆ, ಈಗ ಎಲ್ಲಾರೂ ಹಂಗೇ ಮಾಡಾಕತ್ತಾರ್ರಿ” ಎಂದ ಮಾರುವವನು.

“ನೀನೇ ನಿಂತು ಬಡಿ ತಮ್ಮಾ, ನಾ ಇವರ ಬಾಜೂಕ ಮಲಕೊಂಡು ತಿಂತೀನಿ” ಎಂದೆ.

ದೊಡ್ಡದೇ ಬಂತು. “ಇಕಿ ರೊಟ್ಟಿ ಸಲುವಾಗಿ ತಂದೀನ್ರಿ” ಎಂದು ಯಜಮಾನರು ಬಂದವರಿಗೆಲ್ಲ ಹೇಳುತ್ತಾರೆ. ಅಡುಗೆಯ ಜಾಗದಲ್ಲಿ ಅವರ ಮೋಟರ್‌ಸೈಕಲ್ ನೆರಳಿಗೆ ನಿಂತಿದೆ. ನಾನು ಹೊರಗೆ ಬೇವಿನ ಗಿಡದ ಕೆಳಗೆ ಬಡಿಯುತ್ತೇನೆ. ಅಲ್ಲಿ ಜಾಗಕ್ಕೇನೂ ಕೊರತೆಯಿಲ್ಲ.